ಬೈಕಿಗೆ ಹೊಸ ಗ್ಲಾಸ್: ದೊಡ್ಡದೇ ಆಗಬೇಕೆಂದಿಲ್ಲ

'ಹೆಲ್ಮೆಟ್ ಅಲುಗಾಡ್ತದೆ, ಕಿವಿಯಲ್ಲಿ ಗುಂಯ್ ಅಂತದೆ. ಇದಕ್ಕಿಂತ ದೊಡ್ಡ ಗ್ಲಾಸ್ ಹಾಕಿ ಅಣ್ಣಾ.' ಕಾಸರಗೋಡಿನ ನನ್ನ ವರ್ಕ್‌ಶಾಪಿಗೆ ಬರುವ ಲಾಂಗ್ ರೈಡಿನ ಹುಡುಗರು ಹೆಚ್ಚಾಗಿ ಹೇಳುವುದು ಇದನ್ನೇ. ಗಾಳಿ ತಡೆಯಲು ಬೈಕಿನ ಮುಂದೆ ಕೂರಿಸುವ ವಿಂಡ್‌ಶೀಲ್ಡಿಗೇ ನಾವು ಗ್ಲಾಸ್ ಎನ್ನುವುದು. ದೊಡ್ಡದು ಹಾಕಿದ ಮೇಲೆ ಕೆಲವರಿಗೆ ಕಾಟ ಇನ್ನೂ ಜಾಸ್ತಿಯಾಗುತ್ತದೆ.

ವಿಂಡ್‌ಶೀಲ್ಡಿನ ಮೇಲಂಚು ದಾಟಿ ಬರುವ ಗಾಳಿಗೆ ವೇಗ ಹೆಚ್ಚು. ಹಿಂದುಗಡೆ ಒತ್ತಡ ಕಡಿಮೆ. ಎರಡೂ ಸೇರುವಲ್ಲಿ ಸುಳಿ ಏಳುತ್ತದೆ. ಅದು ಹೆಲ್ಮೆಟ್ಟಿಗೆ ಬಡಿದರೆ ನೀವು ಹೇಳುವ ಗುಂಯ್. ನೇರ ಬಡಿಯುವ ಗಾಳಿಗಿಂತ ಈ ಸುಳಿಯೇ ತಲೆ ಕೆಡಿಸುವುದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮಂಜೇಶ್ವರದ ಕಡೆಗೋ ಬೇಕಲದ ಕಡೆಗೋ, ರಸ್ತೆ ಖಾಲಿ ಇದ್ದಾಗ ನಿಮ್ಮ ಮಾಮೂಲಿ ವೇಗದಲ್ಲಿ ಹೋಗಿ. ತಲೆ ತುಸು ತಗ್ಗಿಸಿದಾಗ ಸದ್ದು ಇಳಿದರೆ ಎತ್ತರದ ಗ್ಲಾಸ್ ಬೇಕು. ಬೆನ್ನು ನೆಟ್ಟಗೆ ಮಾಡಿ ತಲೆ ಎತ್ತಿದಾಗ ಇಳಿದರೆ ಗಿಡ್ಡದ್ದೇ ಸಾಕು. ಎರಡಕ್ಕೂ ಜಗ್ಗದಿದ್ದರೆ, ಬುಡದಲ್ಲಿ ಗಾಳಿಕಿಂಡಿ ಇರುವ ಮಾದರಿ ನೋಡಿ. ಆ ಕಿಂಡಿಯಿಂದ ಬರುವ ಗಾಳಿ ಹಿಂದಿನ ಒತ್ತಡವನ್ನು ಸರಿದೂಗಿಸುತ್ತದೆ.

ಎತ್ತರಕ್ಕೊಂದು ಮಿತಿಯೂ ಇದೆ. ಮೇಲಂಚು ನಿಮ್ಮ ಮೂಗಿನ ಮಟ್ಟ ದಾಟಬಾರದು. ಹೆಲ್ಮೆಟ್ ಹಾಕಿ ಬೈಕಿನ ಮೇಲೆ ಕೂತು, ಹಳೆ ಗ್ಲಾಸಿಗೆ ಹೊಸದರ ಎತ್ತರಕ್ಕೆ ರಟ್ಟು ಅಂಟಿಸಿ ನೋಡಿ. ರಸ್ತೆ ಅದರ ಮೇಲಿಂದ ಕಾಣಬೇಕು, ಗ್ಲಾಸಿನೊಳಗಿಂದ ಅಲ್ಲ. ನಮ್ಮದು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಈ ಗ್ಲಾಸಿಗೆ ವೈಪರ್ ಇಲ್ಲ, ಅಲ್ವಾ? ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ, ರಾತ್ರಿ, ಪಾಣತ್ತೂರಿನ ದಾರಿಯಲ್ಲಿ ಎದುರಿಗೊಂದು ಲಾರಿ ಬಂತೆನ್ನಿ. ಅದರ ಬೆಳಕು ಒಂದೊಂದು ಹನಿಯಲ್ಲೂ ಚೆದುರಿ, ತಿರುವು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕಪ್ಪು ಬಣ್ಣದ್ದು ಚಂದ ಕಾಣುತ್ತದೆ ನಿಜ, ಆದರೆ ಗಿಡ್ಡ ಗ್ಲಾಸಿಗೆ ಮಾತ್ರ ಸರಿ.

ಗ್ಲಾಸ್ ಎನ್ನುತ್ತೇವೆ, ಇರುವುದು ಪ್ಲಾಸ್ಟಿಕ್. ಅಕ್ರಿಲಿಕ್ ತಿಳಿಯಾಗಿರುತ್ತದೆ, ಸಣ್ಣ ಗೀರು ಬಿದ್ದರೆ ಪಾಲಿಶ್ ಮಾಡಬಹುದು; ಜೋರು ಪೆಟ್ಟಿಗೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಒಡೆಯುವುದು ಅಪರೂಪ, ಆದರೆ ಬೇಗ ಗೀರಾಗುತ್ತದೆ. ದೂರ ಹೋಗುವವರಿಗೆ ನಾನು ಹೇಳುವುದು ಗಟ್ಟಿ ಕೋಟಿಂಗ್ ಇರುವ ಪಾಲಿಕಾರ್ಬೊನೇಟ್. ಅದಕ್ಕೆ ಪೆಟ್ರೋಲ್ ತಾಗಿಸಬೇಡಿ. ಅಮೋನಿಯಾ ಇರುವ ಕಿಟಕಿ ಕ್ಲೀನರ್ ಕೂಡ ಬೇಡ. ಅಂಟಿದ ಹುಳುಗಳ ಮೇಲೆ ಒದ್ದೆ ಬಟ್ಟೆ ಹಾಕಿಟ್ಟು, ನೆನೆದ ಮೇಲೆ ಒರೆಸಿ. ಒಣ ಬಟ್ಟೆಯಲ್ಲಿ ಸುಮ್ನೆ ಉಜ್ಜಿದರೆ ಧೂಳೇ ಗೀರುತ್ತದೆ.

ಕೂರಿಸುವಾಗ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್, ಬ್ರೇಕ್ ಹೋಸ್ ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿ. ಕಡಲ ಗಾಳಿಗೆ ಮಾಮೂಲಿ ಸ್ಕ್ರೂ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ಜತೆಗೆ ರಬ್ಬರ್ ವಾಷರ್. ಸ್ಕ್ರೂ ಸಡಿಲವಾಗದಿರಲಿ ಎಂದು ಥ್ರೆಡ್‌ಲಾಕರ್ ಅಂಟು ಹಾಕುವವರಿದ್ದಾರೆ. ಪಾಲಿಕಾರ್ಬೊನೇಟಿಗೆ ಅದು ತಾಗಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ವಾಷರ್ ಸ್ವಲ್ಪ ಒತ್ತಿಕೊಳ್ಳುವಷ್ಟು ಮಾತ್ರ ಬಿಗಿ ಮಾಡಿ, ಮೊದಲ ರೈಡ್ ಮುಗಿದ ಮೇಲೆ ಇನ್ನೊಮ್ಮೆ ನೋಡಿ.