ಗೊರಕೆ ನಿಂತಾಗ ಕಿವಿಗೊಡಿ

ಮಲೆನಾಡಿನ ಮದುವೆಮನೆ. ರಾತ್ರಿ ಜಗಲಿ ತುಂಬಾ ಹಾಸಿಗೆ. ಒಬ್ಬರ ಗೊರಕೆಗೆ ಮಾಡಿನ ಹೆಂಚೇ ಅದುರುತ್ತದೆ. ನಡುವೆ ಥಟ್ಟನೆ ಸದ್ದು ನಿಂತರೆ ಪಕ್ಕದವರು ‘ಅಬ್ಬ’ ಎಂದು ಮಗ್ಗುಲು ಬದಲಿಸುತ್ತಾರೆ. ಹೆದರಬೇಕಾದ್ದೇ ಆ ಮೌನಕ್ಕೆ. ಹೊಟ್ಟೆ ಏರಿಳಿಯುತ್ತಲೇ ಇದೆ, ಮೂಗಿನಲ್ಲಿ ಗಾಳಿ ಇಲ್ಲ. ಹತ್ತಿಪ್ಪತ್ತು ಸೆಕೆಂಡ್ ಕಳೆದು ಗೊರ್ರ್ ಎಂದು ಉಸಿರು ಮರಳುತ್ತದೆ. ಬೆಳಿಗ್ಗೆ ಮಾತ್ರ ‘ಏನು ಗಡದ್ದು ನಿದ್ದೆ ಮಾರಾಯ್ರೆ!’

ಗಡದ್ದು ನಿದ್ದೆಯಂತೆ! ತೋಟಕ್ಕೆ ಪಂಪ್ ಇಟ್ಟವರನ್ನು ಕೇಳಿ, ನೀರೆಳೆಯುವ ಸಕ್ಷನ್ ಪೈಪ್ ಯಾಕೆ ಗಟ್ಟಿ ಇರಬೇಕು ಅಂತ. ಮೆತ್ತನೆಯದು ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಪಂಪ್ ಓಡುತ್ತದೆ, ನೀರು ಬರುವುದಿಲ್ಲ. ನಮ್ಮ ಎದೆಯೂ ಉಸಿರನ್ನು ಹಾಗೇ ಎಳೆಯುತ್ತದೆ. ಕೆಳಗಿನ ಶ್ವಾಸನಾಳಕ್ಕೆ ಗಟ್ಟಿ ಉಂಗುರಗಳ ಆಸರೆ ಇದೆ. ಮೇಲಿನ ಗಂಟಲಿಗೆ ಇಲ್ಲ, ಅದನ್ನು ಸ್ನಾಯುಗಳೇ ತೆರೆದಿಡಬೇಕು. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಕುತ್ತಿಗೆಯಲ್ಲಿ ಕೊಬ್ಬು ಜಾಸ್ತಿ ಇದ್ದು, ಮೇಲೆ ಎರಡು ಪೆಗ್ ಹಾಕಿ ಮಲಗಿದರಂತೂ ಕೇಳುವುದೇ ಬೇಡ. ದಾರಿ ಕಿರಿದಾದರೆ ಗೊರಕೆ. ಪದೇಪದೇ ಮುಚ್ಚಿಕೊಂಡರೆ ಸ್ಲೀಪ್ ಆಪ್ನಿಯಾ. ಆಮ್ಲಜನಕ ಇಳಿದು ಮಿದುಳು ಗಾಬರಿಯಿಂದ ಕ್ಷಣಕಾಲ ಎಚ್ಚರವಾಗುತ್ತದೆ, ಮಲಗಿದವರಿಗೆ ನೆನಪೇ ಇರುವುದಿಲ್ಲ. ಕೆಲವರು ಉಸಿರುಕಟ್ಟಿ ಎದ್ದು, ಯಾರೋ ಎದೆ ಮೇಲೆ ಕೂತಿದ್ದರು ಅಂತ ಅಂತ್ರ ಕಟ್ಟಿಸಿಕೊಳ್ಳುವುದೂ ಉಂಟು. ಅಂತ್ರಕ್ಕೆ ಗಂಟಲು ತೆರೆಯಲು ಬರುವುದಿಲ್ಲ.

ಒಂದು ಕಾಲದಲ್ಲಿ ಇದಕ್ಕೆ, ಗಾಳಿ ನೇರ ಶ್ವಾಸನಾಳಕ್ಕೆ ಹೋಗಲಿ ಅಂತ, ಕತ್ತಿನಲ್ಲಿ ತೂತು ಕೊರೆಯುತ್ತಿದ್ದರು. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನು ಉಲ್ಟಾ ಬಳಸಿ, ಮೂಗಿನಿಂದ ಗಾಳಿ ಒತ್ತಿ ಗಂಟಲು ತೆರೆದಿಟ್ಟರು. 1981ರಲ್ಲಿ ಅದು ಪ್ರಕಟವಾಯಿತು. ಇವತ್ತು ಆಪ್ನಿಯಾ ಇರುವವರು ಮಲಗುವಾಗ ಮಾಸ್ಕ್ ಹಾಕಿಕೊಂಡು ಬಳಸುವ, ಗಾಳಿ ಒತ್ತುವ ಸಿಪ್ಯಾಪ್ ಯಂತ್ರದ ಹುಟ್ಟು ಅದೇ.

ಹಾಗಂತ ಗೊರಕೆ ಹೊಡೆಯುವವರೆಲ್ಲ ಆಸ್ಪತ್ರೆಗೆ ಓಡಬೇಕಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಮರುದಿನ ತೂಕಡಿಸಿದರೆ ಅದು ರೋಗವಲ್ಲ ಅಲ್ವಾ? ಏಳೆಂಟು ಗಂಟೆ ಮಲಗಿಯೂ ಸುಮ್ನೆ ಕೂತಲ್ಲೇ ಜೊಂಪು ಹತ್ತಿದರೆ, ಉಸಿರು ನಿಲ್ಲುವುದನ್ನು ಮನೆಯವರು ನೋಡಿದ್ದರೆ, ಬೆಳಿಗ್ಗೆ ತಲೆನೋವಿದ್ದರೆ, ಮೂರು ಬಗೆಯ ಮಾತ್ರೆಗೂ ಬಿಪಿ ಬಗ್ಗದಿದ್ದರೆ ಸ್ಲೀಪ್ ಸ್ಟಡಿ ಬೇಕೇ ಎಂದು ಡಾಕ್ಟರನ್ನು ಕೇಳಿ. ಮಲಗಿದ್ದಾಗಿನ ಮೊಬೈಲ್ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಒಂದು ರಾತ್ರಿಯ ಪರೀಕ್ಷೆ. ತಲೆಗೆ ವೈರು, ಎದೆಗೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಕೆಲವರಿಗೆ ಮನೆಯಲ್ಲೇ ಚಿಕ್ಕ ಕಿಟ್ ಸಾಕು. ಗಂಟೆಗೆ 5ಕ್ಕಿಂತ ಕಡಿಮೆ ಸಲ ಉಸಿರು ತಡೆದರೆ ಸಾಮಾನ್ಯ, 30 ಮುಟ್ಟಿದರೆ ತೀವ್ರ. ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಗಾಡಿ ಓಡಿಸುವವರಿಗೆ ಸ್ಟೇರಿಂಗ್ ಹಿಡಿದಾಗಲೇ ಕಣ್ಣು ಎಳೆಯುತ್ತಿದ್ದರೆ, ಪರೀಕ್ಷೆ ಮುಗಿಯುವವರೆಗೆ ಗಾಡಿಯನ್ನು ಬೇರೆಯವರು ಓಡಿಸಲಿ.