‘ಸೂಕ್ತ ಕ್ರಮ’ ಅಂದರೆ ಯಾರು, ಯಾವಾಗ?

ನಗರಸಭೆಯ ಸಭೆ ಅಂದ ಕೂಡಲೇ ಜನರಿಗೆ ನೆನಪಾಗುವುದು ಗಲಾಟೆ. ಮೈಕ್ ಕಿತ್ತುಕೊಂಡದ್ದು, ಕಾಗದ ಹರಿದು ಎಸೆದದ್ದು, ಸಭಾತ್ಯಾಗ ಮಾಡಿದ್ದು. ಸುದ್ದಿಯಾಗುವುದೂ ಅದೇ ತಾನೇ? ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ನಡಾವಳಿ, ಅಂದರೆ ಸಭೆಯಲ್ಲಿ ಆದದ್ದರ ದಾಖಲೆ, ಬರೆದವನು ನಾನು. ಗಲಾಟೆಯಾದ ಸಭೆಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದವೆಲ್ಲ ಒಂದೇ ಥರ. ಹಿಂದಿನ ಸಭೆಯ ನಡಾವಳಿ ದೃಢೀಕರಣ, ಜಮಾ ಖರ್ಚಿಗೆ ಒಪ್ಪಿಗೆ, ಟೆಂಡರ್ ಮಂಜೂರಾತಿ, ಬೀದಿದೀಪ, ನೀರಿನ ಪೈಪು, ಚರಂಡಿ. ಒಂದೊಂದು ವಿಷಯಕ್ಕೆ ಎರಡು ನಿಮಿಷ. ‘ಒಪ್ಪಿಗೆಯಾ?’ ‘ಒಪ್ಪಿಗೆ.’ ಮುಂದಿನ ವಿಷಯ.

ಆ ಎರಡು ನಿಮಿಷದಲ್ಲಿ ಎಷ್ಟು ಕೆಟ್ಟು ಹೋಗಬಹುದು ಅಂತ ನನಗೆ ಕಲಿಸಿದ್ದು ಒಬ್ಬ ಶಾಲಾ ಟೀಚರ್.

ಅವರ ಶಾಲೆಯ ಎದುರು ಚರಂಡಿ ಬಾಯಿ ತೆರೆದುಕೊಂಡಿತ್ತು. ಮಕ್ಕಳು ಅದನ್ನು ಹಾರಿಕೊಂಡೇ ಒಳಗೆ ಬರಬೇಕು. ಅವರು ಅರ್ಜಿ ಕೊಟ್ಟರು, ವಿಷಯ ಸಭೆಗೆ ಬಂತು, ಎಲ್ಲರೂ ಒಪ್ಪಿದರು. ನಾನು ಹೀಗೆ ಬರೆದೆ: ‘ಶಾಲೆಯ ಎದುರಿನ ಚರಂಡಿಯ ಬಗ್ಗೆ ವಿವರವಾಗಿ ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಅದಕ್ಕೂ ಮುಂಚೆ ನೂರಾರು ಸಲ ಬರೆದಿದ್ದ ವಾಕ್ಯ ಅದು. ಕೈಗೆ ರೂಢಿಯಾಗಿತ್ತು.

ಎರಡು ತಿಂಗಳಾದ ಮೇಲೆ ಟೀಚರ್ ನಡಾವಳಿಯ ಜೆರಾಕ್ಸ್ ಹಿಡಿದುಕೊಂಡು ಬಂದರು. ಮಕ್ಕಳ ನೋಟ್‌ಬುಕ್ ತಿದ್ದುವ ಕೆಂಪು ಪೆನ್ನಿನಲ್ಲಿ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದರು. ‘ಸರ್, ಈ ಸೂಕ್ತ ಕ್ರಮ ಅಂದ್ರೆ ಯಾರು ಮಾಡೋದು? ಯಾವಾಗ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಡತ ತರಿಸಿ ನೋಡಿದೆ. ಎಂಜಿನಿಯರಿಂಗ್ ವಿಭಾಗದವರು ಅದು ಆರೋಗ್ಯ ವಿಭಾಗದ ಕೆಲಸ ಅಂದುಕೊಂಡಿದ್ದರು. ಆರೋಗ್ಯ ವಿಭಾಗದವರು ಹೂಳು ತೆಗೆಸಿ, ತಮ್ಮ ಕೆಲಸ ಮುಗಿಯಿತು ಅಂತ ಕಡತ ವಾಪಸ್ ಕಳಿಸಿದ್ದರು. ಲೆಕ್ಕ ವಿಭಾಗಕ್ಕೆ ಯಾವ ಶೀರ್ಷಿಕೆಯಲ್ಲಿ ಖರ್ಚು ಹಾಕಬೇಕು ಅಂತ ಯಾರೂ ಹೇಳಿರಲಿಲ್ಲ. ಯಾರೂ ಬೇಕಂತಲೇ ತಡ ಮಾಡಿರಲಿಲ್ಲ. ತಪ್ಪು ನನ್ನ ವಾಕ್ಯದಲ್ಲಿತ್ತು.

ಮುಂದಿನ ಸಭೆಗೆ ವಿಷಯ ಮತ್ತೆ ಬಂದಾಗ ವಾಕ್ಯ ಹೀಗಾಯಿತು: ‘ಶಾಲೆಯ ಎದುರಿನ 60 ಮೀಟರ್ ಚರಂಡಿಗೆ ಕಾಂಕ್ರೀಟ್ ಮುಚ್ಚಳ ಹಾಕಿಸುವುದು. ಸಹಾಯಕ ಎಂಜಿನಿಯರ್ 15 ದಿನದೊಳಗೆ ಅಂದಾಜು ಪಟ್ಟಿ ಸಲ್ಲಿಸುವುದು. ಖರ್ಚನ್ನು ಚರಂಡಿ ನಿರ್ವಹಣೆಯ ಶೀರ್ಷಿಕೆಯಲ್ಲಿ ಭರಿಸುವುದು. ಮುಂದಿನ ಸಭೆಗೆ ಅನುಪಾಲನಾ ವರದಿ ಇಡುವುದು.’ ಏನು ಕೆಲಸ, ಯಾರು ಮಾಡಬೇಕು, ಯಾವಾಗ ಮುಗಿಯಬೇಕು, ದುಡ್ಡು ಎಲ್ಲಿಂದ. ಈ ನಾಲ್ಕೂ ಇಲ್ಲದ ತೀರ್ಮಾನವನ್ನು ಅಂದಿನಿಂದ ನಾನು ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, ‘ಅಧ್ಯಕ್ಷರೇ, ಯಾರು ಅಂತ ಬರೆದುಕೊಳ್ಳಲಿ?’ ಅಂತ ಕೇಳುತ್ತಿದ್ದೆ. ಮೊದಮೊದಲು ಕೆಲವರಿಗೆ ಕಿರಿಕಿರಿಯಾಯಿತು. ಆಮೇಲೆ ಸದಸ್ಯರೇ ಕೇಳತೊಡಗಿದರು.

ಸಭೆಯ ಕಾಗದ ಓದುವುದು ಕಷ್ಟದ ವಿದ್ಯೆಯಲ್ಲ. ಎಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಬರುವುದು ಸಭಾ ಸೂಚನೆ, ಅದರ ಜೊತೆಗೆ ವಿಷಯ ಪಟ್ಟಿ. ಎಲ್ಲರೂ ಅಜೆಂಡಾ ಅಂತಲೇ ಕರೆಯುತ್ತಾರೆ. ಸೂಚನೆ ಇಷ್ಟು ‘ಪೂರ್ಣ ದಿನ’ ಮುಂಚೆ ತಲುಪಬೇಕು ಅಂತ ನಿಯಮ ಇರುತ್ತದೆ. ಪೂರ್ಣ ದಿನ ಅಂದರೆ ಸೂಚನೆ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಿದ ದಿನಗಳು. ಇಂಗ್ಲೆಂಡಿನಲ್ಲಿ ನಗರ ಮತ್ತು ಜಿಲ್ಲಾ ಕೌನ್ಸಿಲ್‌ಗಳಿಗೆ 1972ರ ಸ್ಥಳೀಯ ಆಡಳಿತ ಕಾಯ್ದೆಯಡಿ ಈ ಗಡುವು ಐದು ಪೂರ್ಣ ದಿನ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಕಾಯ್ದೆ ಅಂತ ಒಂದಿದೆ, 1953ರಲ್ಲಿ ಬಂದದ್ದು. ಅಲ್ಲಿ ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ತುರ್ತಿನಂಥ ಕೆಲವು ಸಂದರ್ಭ ಬಿಟ್ಟರೆ ಪಟ್ಟಿಯಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವ ಹಾಗೇ ಇಲ್ಲ.

ಇಷ್ಟು ಬಿಗಿ ಯಾಕೆ? ನಿಮ್ಮ ಮನೆ ಮುಂದಿನ ರಸ್ತೆ ಅಗಲ ಮಾಡುವ ವಿಷಯ ಇವತ್ತು ಬರುತ್ತದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ನೀವು ಬರುವುದಾದರೂ ಹೇಗೆ? ಆದ್ದರಿಂದ ಅಜೆಂಡಾ ಸಿಕ್ಕಾಗ ಕೊನೆಯ ಸಾಲನ್ನು ಮೊದಲು ನೋಡಿ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅಂತ ಇರುತ್ತದೆ. ನಿಜವಾದ ತುರ್ತಿಗೆ ಅದು ಬೇಕು. ಆದರೆ ಟೆಂಡರ್, ಜಾಗ ಗುತ್ತಿಗೆಗೆ ಕೊಡುವುದು, ತೆರಿಗೆ ಬದಲಾವಣೆ ಇಂಥವು ಆ ಬಾಗಿಲಿನಿಂದ ಒಳಗೆ ಬರಬಾರದು. ಬಂದರೆ ಒಬ್ಬ ಸದಸ್ಯರಾದರೂ ಎದ್ದು ನಿಂತು, ‘ಇದನ್ನು ಓದೋಕೆ ಟೈಮ್ ಬೇಕು, ಮುಂದಿನ ಸಭೆಗೆ ಇಡಿ’ ಅನ್ನಬೇಕು. ಆಮೇಲೆ ವಿಷಯದ ಶೀರ್ಷಿಕೆ ನೋಡಿ. ‘ರಸ್ತೆಯ ಬಗ್ಗೆ’ ಅಂತ ಇದ್ದರೆ ಅದು ಏನನ್ನೂ ಹೇಳಲಿಲ್ಲ. ಯಾವ ರಸ್ತೆ, ಏನು ಮಾಡುವುದು, ಇದು ತೀರ್ಮಾನಕ್ಕೋ ಬರೀ ಮಾಹಿತಿಗೋ ಅಂತ ಶೀರ್ಷಿಕೆಯಲ್ಲೇ ಗೊತ್ತಾಗಬೇಕು.

ಸಭೆ ಶುರುವಾಗುವ ಮುಂಚೆ ಕೋರಂ. ಇಷ್ಟು ಜನ ಇಲ್ಲದಿದ್ದರೆ ಸಭೆಯೇ ಇಲ್ಲ ಅನ್ನುವ ಸಂಖ್ಯೆ ಅದು. ಇಂಗ್ಲೆಂಡಿನ ಅದೇ ಕಾಯ್ದೆಯಲ್ಲಿ ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ ಸಾಕು. ಅಮೆರಿಕದ ಬಹಳಷ್ಟು ನಗರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು. ಹಾಜರಿ ಪುಸ್ತಕದಲ್ಲಿ ಸಹಿ ಇದೆ ಅಂದ ಮಾತ್ರಕ್ಕೆ ಕೋರಂ ಇದೆ ಅಂತ ಅಲ್ಲ. ಸಹಿ ಹಾಕಿ ಹೊರಗೆ ಫೋನಿನಲ್ಲಿ ಮಾತಾಡುತ್ತಾ ನಿಂತವರು ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ವಿಷಯ ಮತಕ್ಕೆ ಹೋಗುವ ಮುಂಚೆ ನಾನು ತಲೆ ಎಣಿಸಿ, ಆ ಸಂಖ್ಯೆ ಮತ್ತು ಗಂಟೆ ಎರಡನ್ನೂ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆ. ಯಾರಾದರೂ ನಂತರ ಕೋರ್ಟಿಗೆ ಹೋದರೆ ಮೊದಲ ಪ್ರಶ್ನೆ ಅದೇ.

‘ಹಾಜರಿ’ ಅನ್ನುವ ಪದವೂ ಅಷ್ಟು ಸುಲಭದ್ದಲ್ಲ. ಕೋವಿಡ್ ಸಮಯದಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ವಿಡಿಯೊದಲ್ಲಿ ಸಭೆ ಮಾಡಲು ತಾತ್ಕಾಲಿಕ ಅವಕಾಶ ಸಿಕ್ಕಿತ್ತು. 2021ರ ಮೇ ತಿಂಗಳಲ್ಲಿ ಅದು ಮುಗಿಯುವ ಮುಂಚೆ ಅಲ್ಲಿನ ಹೈಕೋರ್ಟಿನ ಮುಂದೆ ಪ್ರಶ್ನೆ ಹೋಯಿತು. 1972ರ ಕಾಯ್ದೆಯ ‘ಸಭೆ’ ಅಂದರೆ ಒಂದೇ ಜಾಗದಲ್ಲಿ ಮುಖಾಮುಖಿ ಸೇರುವುದು ಅಂತ ಕೋರ್ಟು ಹೇಳಿತು. ವಿಡಿಯೊ ಬೇಕಾದರೆ ಹೊಸ ಕಾನೂನೇ ಬೇಕು ಅಂತಾಯಿತು.

ಇನ್ನು ನಡಾವಳಿ ದೃಢೀಕರಣ. ನನ್ನ ಪ್ರಕಾರ ಇಡೀ ಸಭೆಯಲ್ಲಿ ಅತಿ ಮುಖ್ಯವಾದ, ಆದರೆ ಜನ ಅತಿ ಕಡಿಮೆ ಗಮನ ಕೊಡುವ ವಿಷಯ ಇದು. ಅಜೆಂಡಾದಲ್ಲಿ ಸಾಮಾನ್ಯವಾಗಿ ಮೊದಲನೆಯದೇ ಇದಾಗಿರುತ್ತದೆ. ಆಗಿನ್ನೂ ಅರ್ಧ ಜನ ಕುರ್ಚಿ ಎಳೆದುಕೊಳ್ಳುತ್ತಿರುತ್ತಾರೆ. ‘ನಡಾವಳಿ ಓದಿದಂತೆ ಭಾವಿಸಬಹುದಾ?’ ಅಂದರೆ ‘ಭಾವಿಸಬಹುದು’ ಅಂತ ಒಂದು ದನಿ. ಮುಗಿಯಿತು. ಅಧ್ಯಕ್ಷರ ಸಹಿ ಬಿತ್ತು ಅಂದರೆ ಆ ಕಾಗದವೇ ಸತ್ಯ. ಇಂಗ್ಲೆಂಡಿನ ಕಾಯ್ದೆಯಲ್ಲಂತೂ ಸಹಿಯಾದ ನಡಾವಳಿಯನ್ನು ಬೇರೆ ಪುರಾವೆ ಕೇಳದೆ ಸಾಕ್ಷ್ಯವಾಗಿ ಒಪ್ಪಬೇಕು ಅಂತಲೇ ಬರೆದಿದೆ.

ಇಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ. ಅವತ್ತು ಆದದ್ದನ್ನು ಸರಿಯಾಗಿ ಬರೆದಿದ್ದಾರಾ? ಅವತ್ತಿನ ತೀರ್ಮಾನ ಸರಿಯಾ ತಪ್ಪಾ ಅನ್ನುವುದು ಇಲ್ಲಿ ಬರುವುದಿಲ್ಲ. ಹೊಸ ಸದಸ್ಯರು ಈ ಎರಡನ್ನೂ ಬೆರೆಸಿಬಿಡುತ್ತಾರೆ. ಹೋದ ಸಲ ಸೋತ ವಾದವನ್ನು ದೃಢೀಕರಣದ ಹೊತ್ತಿಗೆ ಮತ್ತೆ ಎತ್ತುತ್ತಾರೆ. ತೀರ್ಮಾನ ಬದಲಾಗಬೇಕು ಅಂದರೆ ಅದು ಬೇರೆ ವಿಷಯವಾಗಿಯೇ ಅಜೆಂಡಾಕ್ಕೆ ಬರಬೇಕು. ಆದರೆ ‘ನಾನು ವಿರೋಧ ಮಾಡಿದ್ದೆ, ನಡಾವಳಿಯಲ್ಲಿ ಸರ್ವಾನುಮತ ಅಂತ ಇದೆ’ ಅನ್ನುವ ಸದಸ್ಯರನ್ನು ಸುಮ್ಮನಾಗಿಸಬಾರದು. ಅದು ನಿಜವಾದ ತಿದ್ದುಪಡಿ. ತಿದ್ದುವ ಕ್ರಮವೂ ಮುಖ್ಯ. ಹಳೆಯ ಪದ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಅಧ್ಯಕ್ಷರ ಚಿಕ್ಕ ಸಹಿ ಹಾಕಿಸಬೇಕು. ವೈಟ್ನರ್ ಹಚ್ಚಿದ ನಡಾವಳಿ ಪುಸ್ತಕವನ್ನು ನಾನು ಒಮ್ಮೆ ಕಂಡಿದ್ದೇನೆ. ಆ ಬಿಳಿ ಪಟ್ಟಿಯ ಕೆಳಗೆ ಏನಿತ್ತು ಅಂತ ಇಂದಿಗೂ ಯಾರಿಗೂ ಗೊತ್ತಿಲ್ಲ. ನೋಡಿ ಹೊಟ್ಟೆ ಉರಿಯಿತು.

ಮಾಮೂಲಿ ವಿಷಯಗಳನ್ನು ಒಟ್ಟಿಗೆ ಕಟ್ಟಿ ಒಂದೇ ಮತದಲ್ಲಿ ಒಪ್ಪುವ ಪದ್ಧತಿಯೂ ಅನೇಕ ನಗರಗಳಲ್ಲಿದೆ. ಸಮಯ ಉಳಿಯುತ್ತದೆ, ಒಳ್ಳೆಯದೇ. ಆದರೆ ಕಟ್ಟಿನೊಳಗಿಂದ ಒಂದು ವಿಷಯವನ್ನು ಹೊರಗೆ ತೆಗೆದು ಚರ್ಚೆಗೆ ಇಡಿ ಅಂತ ಕೇಳುವ ಅವಕಾಶ ಇರಬೇಕು. ಸದಸ್ಯರು ಹಿಂದಿನ ರಾತ್ರಿ ಟಿಪ್ಪಣಿಗಳನ್ನು ಓದಿಕೊಂಡು ಬಂದಿದ್ದರೆ ಮಾತ್ರ ಆ ಅವಕಾಶಕ್ಕೆ ಬೆಲೆ.

ಚರ್ಚೆಗೆ ಒಂದು ಕ್ರಮ ಇದೆ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಆಮೇಲೆ ಮಾತು. ತಿದ್ದುಪಡಿ ಬಂದರೆ ಮೊದಲು ತಿದ್ದುಪಡಿಗೆ ಮತ, ನಂತರ ತಿದ್ದಿದ ನಿರ್ಣಯಕ್ಕೆ ಮತ. ಇದು ಸುಮ್ನೆ ಶಾಸ್ತ್ರಕ್ಕೆ ಮಾಡಿದ್ದಲ್ಲ. ಅಮೆರಿಕದ ಸೇನೆಯಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಅನ್ನುವ ಎಂಜಿನಿಯರ್ ಇದ್ದರು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನಲ್ಲಿ ಒಂದು ಚರ್ಚ್ ಸಭೆಗೆ ಇದ್ದಕ್ಕಿದ್ದಂತೆ ಅಧ್ಯಕ್ಷತೆ ವಹಿಸಬೇಕಾಯಿತು. ಸಭೆ ಕೈಮೀರಿ ಹೋಯಿತು. ಆ ಅನುಭವ ಅವರನ್ನು ಬಿಡಲಿಲ್ಲ. ಸಭೆ ನಡೆಸುವ ಕ್ರಮವನ್ನು ಕೂತು ಕಲಿತು, 1876ರಲ್ಲಿ ನಿಯಮಗಳ ಪುಸ್ತಕ ತಂದರು. ಇವತ್ತಿಗೂ ಅಮೆರಿಕದ ಎಷ್ಟೋ ಕೌನ್ಸಿಲ್‌ಗಳು ಅದನ್ನು ಇಟ್ಟುಕೊಂಡೇ ಸಭೆ ನಡೆಸುತ್ತವೆ.

ಮತ ಎಣಿಸುವಾಗಲೂ ಪದಗಳ ಮೇಲೆ ಕಣ್ಣಿರಲಿ. ಒಟ್ಟು 40 ಸದಸ್ಯರಿದ್ದಾರೆ ಅನ್ನಿ. ಸಭೆಗೆ ಬಂದವರು 25. ಪರ 11, ವಿರೋಧ 9, ತಟಸ್ಥರು 5. ನಿರ್ಣಯ ಗೆದ್ದಿತಾ? ‘ಮತ ಹಾಕಿದವರ ಬಹುಮತ’ ಅಂತ ನಿಯಮ ಇದ್ದರೆ ಗೆದ್ದಿತು. ‘ಹಾಜರಿದ್ದವರ ಬಹುಮತ’ ಅಂತ ಇದ್ದರೆ 13 ಬೇಕು, ಬಿದ್ದಿತು. ‘ಒಟ್ಟು ಸದಸ್ಯರ ಬಹುಮತ’ ಅಂದರೆ 21 ಬೇಕು. ಅಂದರೆ ನಿಯಮದ ಪದ ಬದಲಾದರೆ ತಟಸ್ಥರ ಮೌನವೂ ವಿರೋಧದ ಮತವಾಗಿಬಿಡುತ್ತದೆ. ಸಮಸಮ ಬಂದರೆ ಇಂಗ್ಲೆಂಡಿನ ಕೌನ್ಸಿಲ್‌ಗಳಲ್ಲಿ ಅಧ್ಯಕ್ಷರಿಗೆ ನಿರ್ಣಾಯಕ ಮತ ಇದೆ. ರಾಬರ್ಟ್ ಅವರ ನಿಯಮದಲ್ಲಿ ಸಮಸಮವಾದರೆ ಬಹುಮತ ಸಿಗಲಿಲ್ಲ ಅಂತ, ನಿರ್ಣಯ ಬೀಳುತ್ತದೆ. ತನಗೆ ಲಾಭ ಇರುವ ವಿಷಯ ಬಂದಾಗ ಸದಸ್ಯರು ಮೊದಲೇ ಹೇಳಿ ಹೊರಗೆ ಹೋಗಬೇಕು, ಹೋದದ್ದೂ ವಾಪಸ್ ಬಂದದ್ದೂ ನಡಾವಳಿಯಲ್ಲಿ ದಾಖಲಾಗಬೇಕು.

ನೀವು ನಾಗರಿಕರಾಗಿ ಮಾತಾಡಲು ಹೋಗುವುದಾದರೆ ಒಂದು ಮಾತು. ನಿಮಗೆ ಎರಡೋ ಮೂರೋ ನಿಮಿಷ ಸಿಗಬಹುದು. ಕಷ್ಟವನ್ನೆಲ್ಲ ಹೇಳಿಕೊಳ್ಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅದರ ಬದಲು ಮೊದಲ ವಾಕ್ಯದಲ್ಲೇ ವಿಷಯ ಸಂಖ್ಯೆ ಹೇಳಿ, ಎರಡನೇ ವಾಕ್ಯದಲ್ಲಿ ನಿರ್ಣಯ ಹೇಗಿರಬೇಕು ಅಂತ ಹೇಳಿ. ಬರೆದು ತಂದಿದ್ದರೆ ಇನ್ನೂ ಒಳ್ಳೆಯದು. ನಡಾವಳಿ ಬರೆಯುವವರ ಕೈಗೆ ಆ ಚೀಟಿ ಕೊಟ್ಟುಬಿಡಿ. ಜನ ಬರೆದುಕೊಟ್ಟ ವಾಕ್ಯಗಳು ಹಾಗೆಯೇ ನಿರ್ಣಯವಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸಭೆ ಮುಗಿದ ಮೇಲೆ ನೋಡಬೇಕಾದ್ದು ಅನುಪಾಲನಾ ವರದಿ. ಎಡಗಡೆ ಹಿಂದಿನ ನಿರ್ಣಯ, ಬಲಗಡೆ ಏನಾಯಿತು ಅಂತ. ಬಲಗಡೆ ಕಾಲಂನಲ್ಲಿ ‘ಪ್ರಗತಿಯಲ್ಲಿದೆ’ ಅಂತ ಒಂದು ಸಲ ಇದ್ದರೆ ನಂಬಿ. ಮೂರು ಸಭೆಗಳಲ್ಲಿ ಅದೇ ಪದ ಇದ್ದರೆ ಕೆಲಸ ನಿಂತಿದೆ ಅಂತಲೇ ತಿಳಿದುಕೊಂಡು, ಯಾವ ದಿನಾಂಕದಂದು ಕಡತ ಯಾರ ಮೇಜಿನ ಮೇಲಿತ್ತು ಅಂತ ಬರಹದಲ್ಲಿ ಕೇಳಿ.

ಟೀಚರ್ ಹಾಗೆಯೇ ಮಾಡಿದರು. ಪ್ರತಿ ಸಭೆ ಮುಗಿದ ವಾರ ಬಂದು ವರದಿಯ ಪ್ರತಿ ತೆಗೆದುಕೊಂಡು ಹೋಗುತ್ತಿದ್ದರು. ಮೊದಲ ಸಲ ‘ಅಂದಾಜು ಪಟ್ಟಿ ಸಲ್ಲಿಕೆಯಾಗಿದೆ’ ಅಂತ ಇತ್ತು. ಆಮೇಲೆ ‘ಟೆಂಡರ್ ಕರೆಯಲಾಗಿದೆ.’ ಮಳೆಗಾಲಕ್ಕೆ ಮುಂಚಿನ ಸಭೆಯ ವರದಿಯಲ್ಲಿ ‘60 ಮೀಟರ್ ಪೂರ್ಣ’ ಅಂತ ಬಂತು, ಪಕ್ಕದಲ್ಲಿ ಅಳತೆ ಪುಸ್ತಕದ ಪುಟ ಸಂಖ್ಯೆ. ಅವರು ಆ ಪ್ರತಿಯನ್ನೂ ಓದಿದರು. ಅವತ್ತು ಕೆಂಪು ಪೆನ್ನು ತೆಗೆಯಲಿಲ್ಲ.