ಎಂಟು ನಾಯಿಮರಿಗಳ ಕೇಸು

"ಫೋಟೋ ನೋಡಿಕೊಂಡು ಕಸೂತಿ ಹಾಕಿದೆ. ಬಟ್ಟೆ ನಂದು, ದಾರ ನಂದು, ಇದರಲ್ಲಿ ಕಾಪಿರೈಟ್ ಎಲ್ಲಿ ಬಂತು?" ಅಂತ ಕೇಳುವವರು ಜಾಸ್ತಿ. ಕೇಳುವುದರಲ್ಲಿ ತಪ್ಪಿಲ್ಲ, ತಿಂಗಳುಗಟ್ಟಲೆ ಕೂತು ಮಾಡಿದ ಕೈಕೆಲಸ ಅದು. ಆದರೆ ಇದೇ ವಾದ ಅಮೆರಿಕದ ಕೋರ್ಟಿನಲ್ಲಿ ಒಮ್ಮೆ ಸೋತಿದೆ.

1980ರಲ್ಲಿ ಆರ್ಟ್ ರೋಜರ್ಸ್ ಎಂಬ ಫೋಟೋಗ್ರಾಫರ್ ಒಂದು ಕಪ್ಪು-ಬಿಳುಪು ಚಿತ್ರ ತೆಗೆದರು. ಬೆಂಚಿನ ಮೇಲೆ ಗಂಡ-ಹೆಂಡತಿ, ಅವರ ತೋಳಿನಲ್ಲಿ ಸಾಲಾಗಿ ಎಂಟು ಜರ್ಮನ್ ಶೆಫರ್ಡ್ ಮರಿಗಳು. ಅದು ಕಾರ್ಡ್ ಆಗಿಯೂ ಮಾರಾಟಕ್ಕೆ ಬಂತು. ಕಲಾವಿದ ಜೆಫ್ ಕೂನ್ಸ್ ಆ ಕಾರ್ಡ್ ಕೊಂಡು, ಅದರಲ್ಲಿದ್ದ ಕಾಪಿರೈಟ್ ಸಾಲನ್ನು ಹರಿದು ತೆಗೆದು, ಇಟಲಿಯ ಮರಗೆತ್ತನೆಯವರಿಗೆ ಕಳಿಸಿದರು. ಫೋಟೋದಲ್ಲಿ ಇದ್ದ ಹಾಗೇ ಬರಬೇಕು ಅಂತ ಬರೆದೂ ಕೊಟ್ಟರು. ಮರಿಗಳಿಗೆ ನೀಲಿ ಬಣ್ಣ ಬಂತು, ದಂಪತಿಯ ತಲೆಗೆ ಹೂವು ಬಂತು, ಮೂರು ಶಿಲ್ಪಗಳು ಒಟ್ಟು 3,67,000 ಡಾಲರಿಗೆ ಹೋದವು.

ಫೋಟೋದಲ್ಲಿದ್ದವರ ಗೆಳೆಯರೊಬ್ಬರು ಶಿಲ್ಪದ ಚಿತ್ರವನ್ನು ಪೇಪರಿನಲ್ಲಿ ನೋಡಿ, ನಿಮ್ಮ ಫೋಟೋಗೇ ಬಣ್ಣ ಹಾಕಿದ್ದಾರೆ ಅಂದುಕೊಂಡು ಫೋನ್ ಮಾಡಿದರು. ನನಗಂತೂ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದು ಸಮಾಜದ ಅಣಕ ಅಂತ ಕೂನ್ಸ್ ವಾದಿಸಿದರು. ಅಣಕ ಅಂದರೆ ಆ ಫೋಟೋವನ್ನೇ ಅಣಕಿಸಬೇಕು, ಸಮಾಜವನ್ನು ಅಣಕಿಸಲು ಇನ್ನೊಬ್ಬರ ಫೋಟೋ ಯಾಕೆ ಅಂತ 1992ರಲ್ಲಿ ಮೇಲ್ಮನವಿ ಕೋರ್ಟ್ ತಳ್ಳಿಹಾಕಿತು. ನಾಯಿಮರಿ ಹಿಡಿದು ಕೂತ ದಂಪತಿ ಅನ್ನುವ ವಿಷಯ ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ಮಾಡಬಹುದು. ಅವರನ್ನು ಕೂರಿಸಿದ ರೀತಿ, ಮುಖದ ಭಾವ, ಇವು ಮಾತ್ರ ರೋಜರ್ಸ್ ಅವರ ದುಡಿಮೆ.

ಕಲಾವಿದ ಆಂಡಿ ವಾರ್ಹೋಲ್ ಒಂದು ಫೋಟೋದಿಂದ ಮಾಡಿದ ಗಾಯಕ ಪ್ರಿನ್ಸ್ ಚಿತ್ರದ ಕೇಸಿನಲ್ಲೂ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೂಲ ಫೋಟೋ ತೆಗೆದ ಲಿನ್ ಗೋಲ್ಡ್‌ಸ್ಮಿತ್ ಪರವೇ ನಿಂತಿತು.

ನಮ್ಮಲ್ಲಿ ಇಷ್ಟು ಜಗ್ಗಾಟವೂ ಬೇಕಿಲ್ಲ. ಚಪ್ಪಟೆ ಚಿತ್ರವನ್ನು ಮೂರು ಆಯಾಮಕ್ಕೆ ತರುವ ಹಕ್ಕು, ಶಿಲ್ಪವನ್ನು ಚಿತ್ರವಾಗಿಸುವ ಹಕ್ಕು, ಎರಡೂ ಮೂಲ ಕೃತಿಯ ಹಕ್ಕುದಾರರದ್ದೇ ಅಂತ 1957ರ ಕಾಪಿರೈಟ್ ಕಾಯ್ದೆಯಲ್ಲೇ ಬರೆದಿದೆ. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿದ ಪ್ರತಿಮೆಯ ಫೋಟೋ ತೆಗೆಯಬಹುದು, ಚಿತ್ರ ಬರೆಯಬಹುದು. ಅದನ್ನು ನೋಡಿ ಇನ್ನೊಂದು ಪ್ರತಿಮೆ ಮಾಡಲು ಆ ವಿನಾಯಿತಿ ಸಿಗುವುದಿಲ್ಲ.

ಚಿತ್ರಕಲೆಗೆ ರಕ್ಷಣೆ ಕಲಾವಿದ ತೀರಿಕೊಂಡ ಮೇಲೆ 60 ವರ್ಷ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಾಗಾಗಿ ಅವರ ಸರಸ್ವತಿಯನ್ನು ಕಸೂತಿಯಲ್ಲಾಗಲಿ ಮರದಲ್ಲಾಗಲಿ ಧೈರ್ಯವಾಗಿ ಮಾಡಿ. ಈಗಿನವರ ಫೋಟೋ ಇಷ್ಟವಾಯಿತಾ, ಸೂಜಿ ಹಿಡಿಯುವ ಮೊದಲೇ ಅವರನ್ನು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲೇ ತಗೊಳ್ಳಿ.